20 ಸಾವಿರದಲ್ಲಿ ಅಡುಗೆಮನೆ ಹೊಸದು ಮಾಡಬೇಕು, ಮೊದಲು ಎಲ್ಲಿ ಕೈ ಹಾಕಲಿ?

ಡೊಂಬಿವಲಿ ರೊಟ್ಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಇರುವವಳು, ತವರು ಗದಗ. ಮದುವೆಯಾಗಿ ಬಂದು 26 ವರ್ಷ ಆಯಿತು. ಅಂದಿನಿಂದ ಇದೇ ಮನೆ, ಇದೇ ಅಡುಗೆಮನೆ. ಅಳತೆ 7 ಅಡಿಗೆ 9 ಅಡಿ. ಒಳಗೆ ಇಬ್ಬರು ನಿಂತರೆ ಫ್ರಿಜ್ ಬಾಗಿಲು ತೆಗೆಯುವ ಹಾಗಿಲ್ಲ.

ಈ ಸಲ ಭಿಶಿ, ಅಂದರೆ ಚೀಟಿ ದುಡ್ಡು, ನನ್ನ ಹೆಸರಿಗೆ ಬಂದಿದೆ. 20 ಸಾವಿರ. ಮನೆಯವರು "ನಿನ್ನ ದುಡ್ಡು, ನಿನಗೆ ತಿಳಿದ ಹಾಗೆ ಮಾಡು" ಎಂದಿದ್ದಾರೆ. ಅವರು ಹೀಗೆ ಹೇಳುವುದು ಅಪರೂಪ. ಮನಸ್ಸು ಬದಲಾಗುವ ಮೊದಲು ಕೆಲಸ ಶುರು ಮಾಡಬೇಕು.

ಈಗಿನ ಅವತಾರ ಕೇಳಿ. ಓಟಾ ಕಡಪ್ಪಾ ಕಲ್ಲಿನದು. ನಮ್ಮ ಊರಲ್ಲಿ ಕಟ್ಟೆ ಅನ್ನುತ್ತೇವೆ, ಇಲ್ಲಿದ್ದು ನನ್ನ ಬಾಯಿಗೂ ಓಟಾ ಹತ್ತಿಬಿಟ್ಟಿದೆ. ಕೆಳಗೆ ಕಡಪ್ಪಾದ್ದೇ ಎರಡು ಹಲಗೆ, ಬಾಗಿಲು ಇಲ್ಲ. ಹಳೇ ಇಳಕಲ್ ಸೀರೆ ಕತ್ತರಿಸಿ ಪರದೆ ಹಾಕಿದ್ದೇನೆ. ಕಲ್ಲಿನ ಮೇಲೆಲ್ಲಾ ಬಿಳಿ ಕಲೆ. ಸೋಪು, ಸೋಡಾ, ನಿಂಬೆಹಣ್ಣಿನ ಸಿಪ್ಪೆ ಹಾಕಿ ಉಜ್ಜಿ ಉಜ್ಜಿ ಸಾಕಾಯಿತು, ಕಲೆ ಇನ್ನೂ ಜಾಸ್ತಿಯಾಯಿತು. ಗೋಡೆಗೆ 2 ಅಡಿ ಎತ್ತರ ಬಿಳಿ ಟೈಲ್ಸ್, ಸಂದುಗಳು ಎಣ್ಣೆ ಕುಡಿದು ಕಪ್ಪಾಗಿವೆ. ಅದರ ಮೇಲಿನ ಆಯಿಲ್ ಪೇಂಟ್ ಒಗ್ಗರಣೆ ಹೊಗೆಗೆ ಹಳದಿ. ನಲ್ಲಿಯ ಹಿಂದಿನ ಗೋಡೆ ಪ್ರತಿ ಮಳೆಗಾಲ ಹಪ್ಪಳದ ಹಾಗೆ ಉಬ್ಬುತ್ತದೆ. ಟ್ಯೂಬ್‌ಲೈಟ್ ನನ್ನ ಬೆನ್ನ ಹಿಂದೆ, ರೊಟ್ಟಿ ತಟ್ಟುವಾಗ ನನ್ನ ನೆರಳೇ ಹಿಟ್ಟಿನ ಮೇಲೆ. ಅದು ರೂಢಿಯಾಗಿದೆ ಬಿಡಿ.

ಸ್ಟೇಷನ್ ಹತ್ತಿರ ಒಂದು ಅಂಗಡಿಯಲ್ಲಿ ಟ್ರಾಲಿ (ಓಟಾದ ಕೆಳಗೆ ಎಳೆಯುವ ಡ್ರಾಯರ್) ಮಾಡಿಸಲು ಎಷ್ಟು ಅಂತ ಕೇಳಿದೆ. 1 ಲಕ್ಷ 35 ಸಾವಿರ ಎಂದ. ನೀರು ಕೇಳಿ ಕುಡಿದು ಎದ್ದು ಬಂದೆ.

ನನ್ನ ಯೋಚನೆ ಇಷ್ಟು. ಟೈಲ್ಸ್ ಮೇಲೆ ಅಂಟಿಸುವ ಸ್ಟಿಕರ್ ಬರುತ್ತವಲ್ಲ, ಅದು. ಮೇಲಿನ ಗೋಡೆಗೆ ಹೊಸ ಬಣ್ಣ. ಸಿಲಿಂಡರ್ ಕಾಣದ ಹಾಗೆ ಓಟಾದ ಕೆಳಗೆ ಪೂರ್ತಿ ಬಾಗಿಲು. ಗೌರಿ-ಗಣಪತಿಗೆ ನಾದಿನಿಯರು ಬರುತ್ತಾರೆ, ಅಷ್ಟರೊಳಗೆ ಮುಗಿಯಬೇಕು. ಹೊರಗೆ ಮಳೆ ಹೊಡೆಯುತ್ತಲೇ ಇದೆ. ಆಗುತ್ತದಾ?

ಕೋಥ್ರೂಡ್ ಬಾಡಿಗೆ ಮನೆ ಬರೆದದ್ದು:

ಅಕ್ಕಾ, ಸ್ಟಿಕರ್ ಮಾತ್ರ ಬೇಡ! ನಾನು ಹೋದ ವರ್ಷ ನೀಲಿ ಹೂವಿನ ಸ್ಟಿಕರ್ ತರಿಸಿ ಒಂದು ಭಾನುವಾರ ಪೂರ್ತಿ ಕೂತು ಅಂಟಿಸಿದೆ. ಫೋಟೋದಲ್ಲಿ ಬಹಳ ಚೆನ್ನಾಗಿತ್ತು. ನಾಲ್ಕೇ ತಿಂಗಳು. ಒಲೆಯ ಹಿಂದೆ ಬಿಸಿಗೆ ಅಂಚು ಎದ್ದಿತು, ಒಳಗೆ ಎಣ್ಣೆ ಇಳಿಯಿತು. ಒಂದು ರಾತ್ರಿ ಲೈಟ್ ಹಾಕಿದರೆ ಹಿಂದಿನಿಂದ ಜಿರಲೆ ಸಂಸಾರ ಸಮೇತ ಹೊರಗೆ ಬಂತು. ಕಿತ್ತ ಮೇಲೆ ಅಂಟು ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಹೇರ್ ಡ್ರೈಯರ್ ಹಿಡಿದು ಎರಡು ದಿನ ಕೆರೆದೆ. ಮನೆ ಮಾಲೀಕರು ಡಿಪಾಸಿಟ್‌ನಲ್ಲಿ ಹಿಡಿದುಕೊಂಡದ್ದು ಬೇರೆ ಕಥೆ.

ನನಗೆ ಕೈ ಹಿಡಿದದ್ದು ಎರಡೇ. ಇಲ್ಲಿ ಪುಣೆಯ ತುಳಶಿಬಾಗ್ ಮಾರುಕಟ್ಟೆಯಲ್ಲಿ ಒಂದೇ ಅಳತೆಯ 12 ಸ್ಟೀಲ್ ಡಬ್ಬಿ ತಗೊಂಡೆ. ಅದಕ್ಕೂ ಮೊದಲು ಬೋರ್ನ್‌ವೀಟಾ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ಸುಮ್ನೆ ಎಲ್ಲಾ ಕೂಡಿಟ್ಟಿದ್ದೆ. ಡಬ್ಬಿ ಒಂದೇ ತರಹ ಆದಮೇಲೆ ಅಡುಗೆಮನೆ ದೊಡ್ಡದಾದ ಹಾಗೆ ಅನ್ನಿಸಿತು. ಎರಡನೆಯದು ಗೋಡೆಗೆ ಸ್ಟೀಲ್ ರಾಡು, ಅದಕ್ಕೆ ಕೊಕ್ಕೆ. ಹಿತ್ತಾಳೆ ಕೊಕ್ಕೆಗಳು ಹಳೇ ಸಾಮಾನಿನ ಜೂನಾ ಬಜಾರಿನಲ್ಲಿ ಸಿಕ್ಕವು. ಬುಧವಾರ, ಭಾನುವಾರ ಮಾತ್ರ ಆ ಸಂತೆ.

ಮುಲುಂಡ್ ಹಳೇ ಭಟ್ಟ ಬರೆದದ್ದು:

ತಂಗೀ, ನಾನು ಫೋರ್ಟ್ ಕಡೆ ಒಂದು ಕ್ಯಾಂಟೀನಿನ ಅಡುಗೆಮನೆಯಲ್ಲಿ 38 ವರ್ಷ ನಿಂತವನು. ಊರು ಕುಂದಾಪುರ. ನೀವು "ರೂಢಿಯಾಗಿದೆ ಬಿಡಿ" ಎಂದು ಹಾರಿಸಿದ ಮಾತೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಸ್ವಂತ ನೆರಳಲ್ಲಿ 26 ವರ್ಷ ಈಳಿಗೆ, ಚಾಕು ಹಿಡಿದಿದ್ದೀರಿ! ಮೊದಲು ಲೈಟ್ ಹಾಕಿಸಿ. ಓಟಾದ ಮೇಲಿನ ಹಲಗೆಯ ಅಡಿಯಲ್ಲಿ, ಮುಂದಿನ ಅಂಚಿಗೆ, 4 ಅಡಿಯ ಎಲ್‌ಇಡಿ ಬ್ಯಾಟನ್. 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಬರೆದದ್ದು ಕೇಳಿ ತನ್ನಿ, ಅದಕ್ಕಿಂತ ಹಳದಿಯಾದರೆ ಅರಿಶಿನ ಹೆಚ್ಚಾಯಿತೋ ಕಡಿಮೆಯೋ ಗೊತ್ತಾಗುವುದಿಲ್ಲ. ಮುಂಬೈಯ ಲೋಹಾರ್ ಚಾಳ್‌ಗೆ ಹೋದರೆ ಸಾಲು ಸಾಲು ಲೈಟಿನ ಅಂಗಡಿ, ಮಸ್ಜಿದ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಭಾನುವಾರ ಹೋಗಬೇಡಿ, ಬಂದ್. ಪಾಯಿಂಟ್ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಸಿಂಕ್ ಮೇಲೆ ಜೋತಾಡುವ ವೈರ್ ಬೇಡ.

ಇನ್ನು ಆ ಬಿಳಿ ಕಲೆ. ಅದು ಕೊಳೆ ಅಲ್ಲ. ಕಡಪ್ಪಾ ಎಂದರೆ ಸುಣ್ಣದ ಕಲ್ಲು, ಹುಳಿ ಬಿದ್ದರೆ ಮೇಲಿನ ಪದರ ಕರಗುತ್ತದೆ. ಹುಣಸೆ ರಸ ಚೆಲ್ಲಿದಲ್ಲೆಲ್ಲಾ ಬಿಳಿಚಿಕೊಂಡಿದೆ. ನೀವು ಅದರ ಮೇಲೆ ನಿಂಬೆಹಣ್ಣು ಉಜ್ಜಿದ್ದೀರಿ! 220 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಪಾಲಿಶ್ ಪೇಪರ್), ಆಮೇಲೆ 400. ನೀರು ಹಾಕಿಕೊಂಡು ಗುಂಡಗೆ ಉಜ್ಜಿ, ತೊಳೆದು, ಪೂರ್ತಿ ಆರಲು ಬಿಡಿ. ನಂತರ ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ. ನಿಮ್ಮ ಕಡೆ ಅಗಸಿ ಚಟ್ನಿ ಮಾಡುತ್ತಾರಲ್ಲ, ಅದೇ ಬೀಜದ ಎಣ್ಣೆ, ತಿನ್ನುವಂಥದ್ದೇ ತನ್ನಿ. ಕಲ್ಲು ಕಪ್ಪಗಾಗುತ್ತದೆ. ಆ ಎಣ್ಣೆ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ತೊಳೆದು ಹರಡಿ ಒಣಗಿಸಿ.

ಸಿಲಿಂಡರ್ ಇರುವ ಕಡೆ ಮುಚ್ಚು ಬಾಗಿಲು ಬೇಡವೇ ಬೇಡ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅಲ್ಲಿ ನಿಮ್ಮ ಇಳಕಲ್ ಪರದೆಯೇ ವಾಸಿ, ಬೆಂಕಿಯಿಂದ ದೂರ ಇರಲಿ. ಕಿತ್ತಳೆ ಪೈಪಿನ ಮೇಲೆ ತಾರೀಕು ಇರುತ್ತದೆ, ನೋಡಿ. 5 ವರ್ಷ ಆಗಿದ್ದರೆ ಬದಲಿಸಿ.

ವಾಸ್ಕೋ ಪೇಂಟರ್ ಬರೆದದ್ದು:

ಅಕ್ಕಾರೇ, ನಾನು ಬಿಜಾಪುರದವನು, ವಾಸ್ಕೋದಲ್ಲಿ ಪೇಂಟಿಂಗ್ ಕೆಲಸ. ನನಗೆ ಕೆಲಸ ಸಿಗಲಿ ಅಂತ ಹೇಳುವುದಾದರೆ ಈಗಲೇ ಬಣ್ಣ ಹಚ್ಚಿ ಅನ್ನಬೇಕು, ಏಕೆಂದರೆ ದೀಪಾವಳಿಗೆ ಮತ್ತೆ ಹಚ್ಚಬೇಕಾಗುತ್ತದೆ. ಮಳೆಗಾಲದಲ್ಲಿ ಗೋಡೆ ಒಳಗೆ ಹಸಿ ಇರುತ್ತದೆ. ದಸರೆ ಆಗಲಿ.

ಆ ಹಪ್ಪಳದ ಗೋಡೆಗೆ ಮೊದಲು ನೀರು ಎಲ್ಲಿಂದ ಬರುತ್ತದೆ ನೋಡಿ. ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಹೊರಗೆ ನೀರು ಕಂಡರೆ ಅದು ನಿಮ್ಮ ಕುಕ್ಕರಿನ ಹಬೆ. ಒಳಗೆ ಕಂಡರೆ ಗೋಡೆಯೇ ನೀರು ಬಿಡುತ್ತಿದೆ. ಹೊರಗೋಡೆ ಅಲ್ಲದಿದ್ದರೆ ಮೇಲಿನ ಮನೆಯವರ ಮೋರಿ (ನೀರು ಚೆಲ್ಲುವ ಜಾಗ), ಅದರ ನಾನಿ ಟ್ರ್ಯಾಪ್ (ನೀರು ಇಳಿಯುವ ಜಾಲರಿ ಕುಳಿ) ಕಡೆ ನನ್ನ ಅನುಮಾನ. ಸೋರಿಕೆ ನಿಲ್ಲಿಸದೆ ಎಂಥಾ ದುಬಾರಿ ಬಣ್ಣ ಹಚ್ಚಿದರೂ ಉಪ್ಪು ಎದ್ದು ಉದುರುತ್ತದೆ.

ಟೈಲ್ಸ್ ಗಟ್ಟಿ ಇದ್ದರೆ ಮುಟ್ಟಬೇಡಿ, ಸಂದು ಮಾತ್ರ 2-3 ಮಿಲಿಮೀಟರ್ ಕೆರೆದು ಹೊಸ ಗ್ರೌಟ್ ತುಂಬಿ. ಒಲೆಯ ಹಿಂದೆ ಎಪಾಕ್ಸಿ ಗ್ರೌಟ್ (ಕಲಸಿದರೆ ಗಟ್ಟಿಯಾಗುವ ರಾಳದ್ದು), ಉಳಿದ ಕಡೆ ಸಿಮೆಂಟಿನದ್ದು. ಎಪಾಕ್ಸಿ ಬೇಗ ಕಲ್ಲಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ, ತಕ್ಷಣ ಒರೆಸಿ. ಮುಂದೆ ಹಳೇ ಆಯಿಲ್ ಪೇಂಟ್ ಮೇಲೆ ಬಣ್ಣ ಹಚ್ಚುವಾಗ ಸೋಡಾ ನೀರಲ್ಲಿ ಜಿಡ್ಡು ತೊಳೆದು, ಪಾಲಿಶ್ ಪೇಪರ್ ಹೊಡೆದೇ ಹಚ್ಚಿಸಿ. ಇಲ್ಲದಿದ್ದರೆ ಸಿಪ್ಪೆ ಬಂದ ಹಾಗೆ ಬರುತ್ತದೆ. ಬಾಗಿಲು ಬೇಕೇ ಬೇಕು ಅಂದರೆ ಸಿಂಕ್ ಕೆಳಗೆ ಮಾಮೂಲು ಪ್ಲೈ ಹಾಕಿಸಬೇಡಿ. ಪಿವಿಸಿ ಇರಲಿ, ಇಲ್ಲವೇ ಐಎಸ್ 710 ಗುರುತು ಇರುವ, ನೀರು ತಡೆಯುವ ಪ್ಲೈ.

ಡೊಂಬಿವಲಿ ರೊಟ್ಟಿ ಮತ್ತೆ ಬರೆದದ್ದು:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಹಾಳೆಯ ಒಳಗೆ ನೀರು ನಿಂತಿತ್ತು. ಆ ಹಾಳೆಯನ್ನೇ ತೋರಿಸಲು ಮೇಲಿನ ಮನೆಯ ವಹಿನಿಯನ್ನು ಕರೆದೆ. ಐದು ವರ್ಷದಿಂದ "ನಮ್ಮದಲ್ಲ, ನಮ್ಮದಲ್ಲ" ಅನ್ನುತ್ತಿದ್ದವರು ಸುಮ್ಮನೆ ನಿಂತು ನೋಡಿದರು. ಅವರ ಮೋರಿಯ ಟ್ರ್ಯಾಪ್ ಸುತ್ತ ಸಿಮೆಂಟ್ ಬಿಟ್ಟಿತ್ತು. ಜಗಳ ಬೇಡ ಅಂತ ಖರ್ಚು ಅರ್ಧರ್ಧ ಮಾಡಿದೆವು, ನನ್ನ ಪಾಲು 1,800. ಮನೆಯವರಿಗೆ ಅದು ಇನ್ನೂ ಜೀರ್ಣ ಆಗಿಲ್ಲ.

ಲೈಟ್ ಮತ್ತು ಎಲೆಕ್ಟ್ರಿಷಿಯನ್ ಸೇರಿ 1,250. ಗ್ರೌಟ್ 1,600, ಮಗನೂ ನಾನೂ ಸೇರಿ ತುಂಬಿದೆವು. ಮೊದಲ ಸಲ ಎಪಾಕ್ಸಿ ಜಾಸ್ತಿ ಕಲಸಿ ಬಟ್ಟಲ ಸಮೇತ ಕಲ್ಲಾಯಿತು, ತಮ್ಮಾ, ನೀನು ಹೇಳಿದ್ದು ಕಿವಿಗೆ ಹಾಕಿಕೊಳ್ಳಬೇಕಿತ್ತು. ವಾಟರ್ ಪೇಪರ್, ಅಗಸೆ ಎಣ್ಣೆ 560. ಗ್ಯಾಸ್ ಪೈಪಿಗೆ 190, ಹಳೆಯದರ ಮೇಲಿನ ತಾರೀಕು ಓದಿ ನನಗೇ ಹೆದರಿಕೆ ಆಯಿತು. ಒಟ್ಟು 5,400. ಉಳಿದದ್ದು ದಸರೆಯ ನಂತರ ಬಣ್ಣಕ್ಕೆ. ಬಾಗಿಲ ಯೋಚನೆ ಬಿಟ್ಟೆ, ಪರದೆಗೆ ಇನ್ನೊಂದು ಇಳಕಲ್ ತೆಗೆದಿದ್ದೇನೆ, ಹಸಿರು ಬಣ್ಣದ್ದು.

ಭಟ್ಟಣ್ಣಾ, ನೆರಳು ಹೋಯಿತು. ರೊಟ್ಟಿಯ ಅಂಚು ಎಲ್ಲಿ ತೆಳ್ಳಗಾಗಿದೆ ಅಂತ ಕಾಣುತ್ತದೆ. ಆದರೆ ಮಿಕ್ಸರ್ ಹಿಂದಿನ ಜಿಡ್ಡೂ ಕಾಣುತ್ತದೆ! ಅದನ್ನು ಕೆರೆಯಲು ಎರಡು ಮಧ್ಯಾಹ್ನ ಹೋಯಿತು. ನಾದಿನಿಯರು ಬಂದವರು ಓಟಾ ಮುಟ್ಟಿ "ಗ್ರಾನೈಟ್ ಹಾಕಿಸಿದ್ಯಾ?" ಎಂದರು. ನಾನು ಹೌದು ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ.

ಕೋಥ್ರೂಡ್ ತಂಗೀ, ಮುಂದಿನ ತಿಂಗಳು ಪುಣೆಗೆ ಮದುವೆಗೆ ಬರುವುದಿದೆ. ಜೂನಾ ಬಜಾರಿಗೆ ಭಾನುವಾರ ಎಷ್ಟು ಗಂಟೆಗೆ ಹೋದರೆ ಒಳ್ಳೆಯ ಕೊಕ್ಕೆ ಸಿಗುತ್ತವೆ?