ಊರಿನ ಸಮಿತಿ ಇದೆ, ಸೋಲಾರ್‌ಗೆ ದಾನಿಯೂ ಸಿಕ್ಕಿದ್ದಾರೆ. ಶುರು ಎಲ್ಲಿಂದ ಮಾಡೋದು?

ಬೆಳಗಿನ_ಬಿಸಿಲು:

ಎಲ್ಲರಿಗೂ ನಮಸ್ಕಾರ. ನಮ್ಮ ಪಟ್ಟಣದಲ್ಲಿ ಪರಿಸರ ಮತ್ತು ಸ್ವಚ್ಛ ಇಂಧನಕ್ಕೆ ಅಂತ ಒಂದು ಸ್ವಯಂಸೇವಕರ ಸಮಿತಿ ಇದೆ. ಯಾರಿಗೂ ಸಂಬಳ ಇಲ್ಲ, ಅಧಿಕಾರವೂ ಇಲ್ಲ. ಪುರಸಭೆಗೆ ಸಲಹೆ ಕೊಡಬಹುದು, ಅಷ್ಟೇ. ಹನ್ನೊಂದು ಜನ ಹೆಸರು ಕೊಟ್ಟಿದ್ದೇವೆ, ಸಭೆಗೆ ಬರುವವರು ನಾಲ್ಕೋ ಐದೋ ಜನ.

ಎರಡು ವರ್ಷದಲ್ಲಿ ಸಸಿ ನೆಟ್ಟೆವು, ಶಾಲೆಗಳಿಗೆ ಹೋಗಿ ಮಾತಾಡಿದೆವು, ಒಂದು ರಾತ್ರಿ ಒಂದು ಗಂಟೆ ದೀಪ ಆರಿಸುವ ಕಾರ್ಯಕ್ರಮ ಮಾಡಿದೆವು. ಅವೆಲ್ಲ ಬೇಡ ಅಂತಲ್ಲ. ಆದರೆ ಮೊನ್ನೆ ಸಭೆಯಲ್ಲಿ ಹೊಸದಾಗಿ ಸೇರಿದ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು, "ಈ ಎರಡು ವರ್ಷದಲ್ಲಿ ಊರಿನ ಕರೆಂಟ್ ಖರ್ಚು ಒಂದು ಯೂನಿಟ್ ಆದರೂ ಕಡಿಮೆ ಆಗಿದೆಯಾ?" ಅಂತ ಕೇಳಿದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆ ಪ್ರಶ್ನೆ ಅವತ್ತಿನಿಂದ ನನ್ನ ತಲೆಯಲ್ಲೇ ಕೂತಿದೆ.

ಈಗ ಒಬ್ಬರು ದಾನಿಗಳು ಗ್ರಂಥಾಲಯದ ತಾರಸಿ ಮೇಲೆ ಸೋಲಾರ್ ಹಾಕಿಸಿಕೊಡ್ತೀನಿ ಅಂತ ಮುಂದೆ ಬಂದಿದ್ದಾರೆ. ಸಮಿತಿಯಲ್ಲಿ ಎಲ್ಲರಿಗೂ ಖುಷಿ. ಕಣ್ಣಿಗೆ ಕಾಣುವ ಕೆಲಸ, ಜನಕ್ಕೂ ಹುರುಪು ಬರುತ್ತದೆ ಅಂತ. ನನಗೂ ಆಸೆ ಇದೆ. ಆದರೆ ಆ ಗ್ರಂಥಾಲಯದಲ್ಲಿ ಇರೋದು ಆರು ಫ್ಯಾನ್, ಹತ್ತು ಹನ್ನೆರಡು ಟ್ಯೂಬ್‌ಲೈಟ್, ಒಂದು ಕಂಪ್ಯೂಟರ್. ಇದೇ ಮೊದಲ ಕೆಲಸ ಆಗಬೇಕಾ, ಅಥವಾ ನಾವು ಬೇರೆ ಏನನ್ನಾದರೂ ನೋಡದೇ ಬಿಟ್ಟಿದ್ದೇವಾ? ಇಂಥ ಸಮಿತಿಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಹಳೇ_ಮೀಟರ್:

ದಾನಿಗಳಿಗೆ ಬೇಡ ಅನ್ನಬೇಡಿ. ಆದರೆ ಹೂಂ ಅನ್ನೋಕೆ ಒಂದು ತಿಂಗಳು ಸಮಯ ಕೇಳಿ. ಆ ತಿಂಗಳಲ್ಲಿ ಒಂದೇ ಕೆಲಸ ಮಾಡಿ. ಪುರಸಭೆ ಕಟ್ಟುವ ಎಲ್ಲ ಕರೆಂಟ್ ಬಿಲ್‌ಗಳನ್ನೂ ಕೈಗೆ ತಗೊಂಡು ಓದಿ. ಹನ್ನೆರಡು ತಿಂಗಳದ್ದೂ ಬೇಕು. ಬೇಸಿಗೆಯ ಬಿಲ್ ಒಂದು ಕಥೆ ಹೇಳಿದರೆ ಮಳೆಗಾಲದ್ದು ಇನ್ನೊಂದು ಹೇಳುತ್ತದೆ.

ನಾವು ಬಿಲ್ ಕೇಳಿದಾಗ ಗುಮಾಸ್ತರು ದಾರ ಕಟ್ಟಿದ ಒಂದು ದೊಡ್ಡ ಕಟ್ಟು ತಂದು ಮೇಜಿನ ಮೇಲಿಟ್ಟರು. ಮೂರು ಜನ ನೆಲದ ಮೇಲೆ ಕೂತು, ಒಂದೊಂದು ಮೀಟರ್‌ಗೆ ಒಂದೊಂದು ಸಾಲು ಅಂತ ಹಾಳೆಗಳನ್ನು ಜೋಡಿಸುತ್ತಾ ಹೋದೆವು. ಒಂದು ಸಾಲಿನಲ್ಲಿ ಏಳು ತಿಂಗಳು ಅದೇ ಯೂನಿಟ್, ಒಂದು ಅಂಕಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಮೀಟರ್ ಕೆಟ್ಟು ನಿಂತಿತ್ತು, ಅಂದಾಜಿನ ಬಿಲ್ ಬರ್ತಾ ಇತ್ತು. ಇನ್ನೊಂದು ಮೀಟರ್ ಎಲ್ಲಿದೆ ಅಂತ ಹುಡುಕಿಕೊಂಡು ಹೋದರೆ ಅಲ್ಲಿ ಕಟ್ಟಡವೇ ಇರಲಿಲ್ಲ, ಎಂದೋ ಕೆಡವಿದ್ದರು. ಬಿಲ್ ಮಾತ್ರ ಕಟ್ಟುತ್ತಲೇ ಇದ್ದರು. ಯಾರದ್ದೂ ಮೋಸ ಅಲ್ಲ. ಎಲ್ಲ ಹಾಳೆಗಳನ್ನೂ ಒಟ್ಟಿಗೆ ಹರಡಿ ನೋಡಿದವರು ಯಾರೂ ಇರಲಿಲ್ಲ, ಅಷ್ಟೇ.

ಸಂಜೆ ಹೊತ್ತಿಗೆ ಕಂಡದ್ದು ಏನು ಗೊತ್ತಾ? ಕಚೇರಿ, ಗ್ರಂಥಾಲಯ, ಸಭಾಭವನ ಎಲ್ಲ ಸೇರಿದರೂ ನೆಲದ ಒಂದು ಮೂಲೆ. ಉಳಿದ ಜಾಗ ಪೂರ್ತಿ ಎರಡರದ್ದೇ: ನೀರೆತ್ತುವ ಪಂಪು ಮತ್ತು ಬೀದಿ ದೀಪ. ಬಹಳಷ್ಟು ಊರುಗಳಲ್ಲಿ ಹೀಗೇ ಇರುತ್ತದೆ.

ಬೀದಿ ದೀಪಕ್ಕೆ ನೀವೇ ಒಂದು ಕೆಲಸ ಮಾಡಬಹುದು. ಬೆಳಕು ಹರಿದ ಮೇಲೆ ಊರು ಸುತ್ತಿ, ಇನ್ನೂ ಉರಿಯುತ್ತಿರುವ ದೀಪ ಎಣಿಸಿ, ಕಂಬದ ನಂಬರ್ ಬರೆದುಕೊಳ್ಳಿ. 100 ವ್ಯಾಟ್‌ನ 100 ದೀಪ ದಿನಕ್ಕೆ ಒಂದೇ ಒಂದು ಗಂಟೆ ಸುಮ್ನೆ ಉರಿದರೂ 10 ಯೂನಿಟ್. ವರ್ಷಕ್ಕೆ 3650 ಯೂನಿಟ್. ಇದನ್ನು ನಿಲ್ಲಿಸೋಕೆ ಸರಿಯಾಗಿ ಸೆಟ್ ಮಾಡಿದ ಟೈಮರ್ ಸಾಕು. ಸೂರ್ಯ ಹುಟ್ಟುವ, ಮುಳುಗುವ ಹೊತ್ತು ವರ್ಷವಿಡೀ ಬದಲಾಗುತ್ತಾ ಇರುತ್ತದೆ, ಆ ಲೆಕ್ಕ ತಾನೇ ಇಟ್ಟುಕೊಳ್ಳುವ ಟೈಮರ್‌ಗಳೂ ಸಿಗುತ್ತವೆ. ಹಳೇ ಸೋಡಿಯಂ ದೀಪ ಇದ್ದರೆ ಅದನ್ನೂ ಬೇರೆ ಪಟ್ಟಿ ಮಾಡಿ. 250 ವ್ಯಾಟ್ ಅಂತ ಬರೆದಿದ್ದರೂ ಚೋಕ್ ಸೇರಿ ಅದು ಎಳೆಯೋದು ಅದಕ್ಕಿಂತ ಜಾಸ್ತಿ. ಅದೇ ರಸ್ತೆಗೆ ಸಾಮಾನ್ಯವಾಗಿ 100–120 ವ್ಯಾಟ್‌ನ ಎಲ್‌ಇಡಿ ಸಾಕಾಗುತ್ತದೆ.

ಆ ಹುಡುಗಿಯನ್ನು ಮಾತ್ರ ಬಿಡಬೇಡಿ. ಬಿಲ್ ಓದುವ ಕೆಲಸ ಅವಳ ಕೈಗೇ ಕೊಡಿ.

ಪಂಪ್‌ಹೌಸ್:

ಮೇಲಿನವರು ಪಂಪಿನ ಹೆಸರು ತೆಗೆದದ್ದಕ್ಕೆ ಬರೀತಾ ಇದ್ದೀನಿ. ಇಪ್ಪತ್ತಾರು ವರ್ಷ ನೀರು ಸರಬರಾಜಿನಲ್ಲೇ ಕೆಲಸ ಮಾಡಿದವನು ನಾನು.

ಒಂದು ಸಣ್ಣ ಲೆಕ್ಕ ಇಟ್ಟುಕೊಳ್ಳಿ. 1000 ಲೀಟರ್ ನೀರನ್ನು 30 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 0.082 ಯೂನಿಟ್. ಯಾವ ಪಂಪೂ ಇಷ್ಟರಲ್ಲಿ ಎತ್ತಲ್ಲ, ನಷ್ಟ ಇದ್ದೇ ಇರುತ್ತದೆ. ಪಂಪು ಮೋಟಾರು ಸೇರಿ ಅರ್ಧದಷ್ಟು ದಕ್ಷತೆ ಇದ್ದರೆ 0.16 ಯೂನಿಟ್ ಆಗುತ್ತದೆ. ಈಗ ನಿಮ್ಮ ಪಂಪ್‌ಹೌಸ್‌ಗೆ ಹೋಗಿ ಕರೆಂಟ್ ಮೀಟರ್, ನೀರಿನ ಮೀಟರ್ ಎರಡನ್ನೂ ಒಂದು ಗಂಟೆ ಬಿಟ್ಟು ಎರಡು ಸಲ ಓದಿ. ನೀರಿನ ಮೀಟರ್ ಇಲ್ಲ ಅಂದ್ರೆ ಟ್ಯಾಂಕಿನಲ್ಲಿ ನೀರು ಎಷ್ಟು ಮೇಲೆ ಬಂತು ಅಂತ ಅಳತೆ ಮಾಡಿ, ಆ ಹೊತ್ತು ಊರಿಗೆ ಬಿಡುವ ವಾಲ್ವ್ ಮುಚ್ಚಿರಬೇಕು. ಎತ್ತರ ಹಿಡಿಯುವಾಗ ಬಾವಿಯಲ್ಲೋ ಬೋರ್‌ವೆಲ್‌ನಲ್ಲೋ ನೀರಿರುವ ಮಟ್ಟದಿಂದ ಟ್ಯಾಂಕಿನ ತುದಿವರೆಗೆ ಹಿಡಿಯಿರಿ, ನೆಲದಿಂದ ಅಲ್ಲ. ಪೈಪು ಉದ್ದ ಇದ್ದರೆ ಅದರೊಳಗಿನ ಘರ್ಷಣೆಗೂ ಒಂದಿಷ್ಟು ಸೇರಿಸಿ. ಅಷ್ಟಾದ ಮೇಲೂ 1000 ಲೀಟರಿಗೆ ನಿಮ್ಮ ಲೆಕ್ಕ, ನಿಮ್ಮ ಎತ್ತರಕ್ಕೆ ಇದೇ ರೀತಿ ಬರಬೇಕಾದ ಅಂಕಿಯ (30 ಮೀಟರಿಗಾದರೆ 0.16) ಎರಡರಷ್ಟು ಬಂದರೆ ಪಂಪು ಸವೆದಿದೆ, ಅಥವಾ ಆ ಎತ್ತರಕ್ಕೆ ಹೊಂದದ ಪಂಪು ಅದು, ಅಥವಾ ಮೋಟಾರನ್ನು ಹಲವು ಸಲ ರಿವೈಂಡ್ ಮಾಡಿಸಿದ್ದಾರೆ.

ಇನ್ನೊಂದು ಮಾತು. ಯಾರಾದರೂ ಬಂದು ಮೋಟಾರಿನ ವೇಗ ಬದಲಿಸುವ ಡ್ರೈವ್ ಅನ್ನೋ ಸಾಧನ ಹಾಕಿ, ವೇಗ 20% ಇಳಿಸಿದರೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ ಅಂತ ಹೇಳಬಹುದು. ಪೈಪಿನೊಳಗಿನ ಘರ್ಷಣೆಯೇ ಮುಖ್ಯವಾಗಿರುವ ಕಡೆ ಅದು ನಿಜ. ಆದರೆ ಓವರ್‌ಹೆಡ್ ಟ್ಯಾಂಕಿಗೆ ಎತ್ತುವ ಪಂಪಿಗೆ ಎತ್ತರವೇ ಮುಖ್ಯ. ಅಲ್ಲಿ ವೇಗ ಇಳಿಸಿದರೆ ನೀರು ಮೇಲಕ್ಕೇ ಹೋಗದೆ ಇರಬಹುದು. ಅಲ್ಲಿ ಕೇಳಬೇಕಾದ್ದು ಹೊಂದುವ ಪಂಪು.

ಸೋರಿಕೆ ಮರೀಬೇಡಿ. ಪೈಪಿನಿಂದ ಸೋರಿ ಹೋದ ನೀರು ಅಂದ್ರೆ, ಅದನ್ನು ಎತ್ತಿದ ಕರೆಂಟೂ ಸೋರಿ ಹೋಯಿತು ಅಂತಲೇ. ಯಾರೂ ನೀರು ಬಳಸದ ಸರಿರಾತ್ರಿಯಲ್ಲಿ ಟ್ಯಾಂಕಿನ ಮಟ್ಟ ಎಷ್ಟು ಇಳಿಯುತ್ತದೆ ನೋಡಿ. ನಾನು ಒಂದು ಸಲ ಹಾಗೆ ಟಾರ್ಚ್ ಹಿಡಿದು ಟ್ಯಾಂಕಿನ ಏಣಿ ಹತ್ತಿ ಕೂತಿದ್ದೆ. ಸುಣ್ಣದಲ್ಲಿ ಗೆರೆ ಎಳೆದು ಎರಡು ಗಂಟೆ ಬಿಟ್ಟು ನೋಡಿದರೆ ನೀರು ಗೆರೆಯಿಂದ ಒಂದು ಗೇಣು ಕೆಳಗಿತ್ತು. ಊರು ಪೂರ್ತಿ ಮಲಗಿತ್ತು. ನೀವು ಹತ್ತಬೇಡಿ, ಅಲ್ಲಿ ಕೆಲಸ ಮಾಡುವವರನ್ನೇ ಜೊತೆಗೆ ಕರೆದುಕೊಳ್ಳಿ.

ಬೆಳಗಿನ_ಬಿಸಿಲು:

ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್. ಆದರೆ ಒಂದು ಭಯ ಇದೆ. ಬಿಲ್ಲು, ಪಂಪು, ವಾಲ್ವು ಅಂದ್ರೆ ಬರುವ ಐದು ಜನವೂ ಬರದೇ ಹೋದರೆ? ಸೋಲಾರ್ ಅಂದಾಗ ಅವರ ಮುಖದಲ್ಲಿ ಬಂದ ಆ ಹುರುಪನ್ನು ಕಳ್ಕೊಳ್ಳೋಕೆ ನನಗೆ ಮನಸ್ಸಿಲ್ಲ.

ಟೆರೇಸ್_ಮೇಲೆ:

ನಾನು ಹಳೇ ಮೀಟರ್ ಅವರ ಮಾತನ್ನು ಪೂರ್ತಿ ಒಪ್ಪಲ್ಲ. ಬಿಲ್ ಓದಿ, ಸರಿ. ಆದರೆ ಸೋಲಾರ್ ಕೂಡ ಜೊತೆಗೇ ನಡೀಲಿ. ಒಂದು ಕಟ್ಟಡದ ಮೇಲೆ ಚೆನ್ನಾಗಿ ನಡೆಯುವ ಸೋಲಾರ್ ಹತ್ತು ಭಾಷಣ ಮಾಡದ ಕೆಲಸ ಮಾಡುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಚೆನ್ನಾಗಿ ನಡೀಬೇಕು, ಅಷ್ಟೇ ಷರತ್ತು. ನಾವು ಮೊದಲು ಹಾಕಿಸಿದ್ದು ನಡೀಲಿಲ್ಲ.

ಕಾರಣ ನೆರಳು. ತಾರಸಿ ನೋಡೋಕೆ ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲ ಕಡೆ ಬಿಸಿಲು ಸುರೀತಾ ಇತ್ತು. ಹಾಕಿಸಿ ಆದ ಮೇಲೆ ನೋಡಿದರೆ ಮೂರು ಗಂಟೆ ಹೊತ್ತಿಗೆ ನೀರಿನ ಟ್ಯಾಂಕಿನ ನೆರಳು ಎರಡು ಪ್ಯಾನೆಲ್ ಮೇಲೆ ಅಡ್ಡ ಬೀಳ್ತಿತ್ತು. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ, ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು. ನೆರಳು ಬಿದ್ದ ಭಾಗವನ್ನು ಬಳಸಿ ಕರೆಂಟ್ ಹೋಗೋಕೆ ದಾರಿ ಕೊಡುವ ಬೈಪಾಸ್ ಡಯೋಡ್ ಇರುತ್ತೆ ನಿಜ, ಅದು ನಷ್ಟವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸಲ್ಲ. ಈಗ ನಾವು ಯಾವ ತಾರಸಿಗೆ ಹೋದರೂ ಸೀಮೆಸುಣ್ಣ ತಗೊಂಡೇ ಹೋಗೋದು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ನೆರಳಿನ ಅಂಚಿಗೆ ಗೆರೆ ಎಳೀತೀವಿ. ಸೂರ್ಯ ಕೆಳಗಿರುವ ತಿಂಗಳಲ್ಲಿ ಇನ್ನೊಂದು ಸಲ ಎಳೀತೀವಿ, ಆಗ ನೆರಳು ಉದ್ದ.

ಜನಕ್ಕೆ ಮೊದಲೇ ಹೇಳಬೇಕಾದ ವಿಷಯ ಒಂದಿದೆ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ಅನ್ನು (ಪ್ಯಾನೆಲ್ ಕರೆಂಟನ್ನು ಲೈನಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆ) ಹಾಗೇ ಮಾಡಿರುತ್ತಾರೆ. ಇದನ್ನು ಹೇಳದೇ ಇದ್ದರೆ ಮೊದಲ ಸಲ ಕರೆಂಟ್ ಹೋದ ದಿನವೇ "ಸೋಲಾರ್ ಕೆಟ್ಟಿದೆ" ಅಂತ ಊರೆಲ್ಲ ಸುದ್ದಿ. ಪ್ಯಾನೆಲ್‌ಗೆ 25 ವರ್ಷದ ಭರವಸೆ ಕೊಡ್ತಾರೆ, ಇನ್ವರ್ಟರ್ ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಆಗ ದುಡ್ಡು ಯಾರದು? ಧೂಳು ತೊಳೆಯೋದು ಯಾರು? ದಾನಿಗಳ ಜೊತೆ ಇದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಮತ್ತೆ, ಗ್ರಂಥಾಲಯವೇ ಯಾಕೆ? ಹಗಲು ಹೊತ್ತು ಓಡಿಸುವ ಪಂಪ್‌ಹೌಸ್‌ನ ಮೇಲೆ ಜಾಗ ಇದ್ದರೆ ಅಲ್ಲೇ ಹಾಕಿಸಿ. ಬಿಸಿಲು ಇರುವಾಗ ನೀರೆತ್ತಿ ಟ್ಯಾಂಕ್ ತುಂಬಿಸಿಟ್ಟರೆ ಬ್ಯಾಟರಿಯೇ ಬೇಡ, ಟ್ಯಾಂಕೇ ಬ್ಯಾಟರಿ. ಸವೆದ ಪಂಪನ್ನು ಮಾತ್ರ ಮೊದಲು ಬದಲಿಸಿ, ಆಗ ಕಡಿಮೆ ಪ್ಯಾನೆಲ್ ಸಾಕು.

ದ್ವೀಪದ_ಗಾಳಿ:

ಹುರುಪಿನ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಬರೀತೀನಿ. ಡೆನ್ಮಾರ್ಕಿನ ಸ್ಯಾಮ್ಸೊ ದ್ವೀಪದ ವಿಷಯ ಓದಿ. ಸುಮಾರು 4000 ಜನ ಇರುವ ಜಾಗ. 1997ರಲ್ಲಿ ಅಲ್ಲಿನ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ ಗೆದ್ದು, ನವೀಕರಿಸಬಹುದಾದ ಇಂಧನದ ಮೇಲೆ ಬದುಕುವ ದ್ವೀಪ ಆಗ್ತೀವಿ ಅಂತ ಹೊರಟರು. ನೆಲದ ಮೇಲೆ 11 ಗಾಳಿಯಂತ್ರ, 2003ರ ಹೊತ್ತಿಗೆ ಸಮುದ್ರದಲ್ಲಿ 10. ಮನೆ ಬೆಚ್ಚಗಿಡೋಕೆ ಹೊಲದ ಒಣಹುಲ್ಲು ಸುಡುವ ಸ್ಥಾವರ.

ನನಗೆ ಹಿಡಿಸಿದ್ದು ಯಂತ್ರದ ಲೆಕ್ಕ ಅಲ್ಲ. ಅದನ್ನು ಮುನ್ನಡೆಸಿದ ಸೋರೆನ್ ಹರ್ಮನ್‌ಸೆನ್ ಅದೇ ದ್ವೀಪದ ರೈತರ ಮಗ, ಮೇಷ್ಟ್ರಾಗಿದ್ದವರು. ಸಭೆ ಕರೆದು ಜನ ಬರಲಿ ಅಂತ ಕಾಯದೆ, ಜನ ಈಗಾಗಲೇ ಸೇರುತ್ತಿದ್ದ ಕಡೆಗೆ ತಾವೇ ಹೋಗಿ ಮಾತಾಡಿದರು. ಗಾಳಿಯಂತ್ರಗಳಲ್ಲಿ ಅಲ್ಲಿನ ರೈತರು, ಸಾಮಾನ್ಯ ಜನ ಪಾಲು ಹಾಕಿದರು. ತನ್ನ ಪಾಲಿರುವ ಯಂತ್ರದ ಸದ್ದು ಯಾರಿಗೂ ಕಿರಿಕಿರಿ ಅನ್ನಿಸಲ್ಲ.

ನಿಮ್ಮ ಸಮಿತಿಗೂ ಇದೇ ಹೇಳ್ತೀನಿ. ಹನ್ನೊಂದು ಜನರನ್ನೂ ಒಂದೇ ಸಭೆಗೆ ಕೂರಿಸೋಕೆ ಹೋಗಬೇಡಿ. ಒಬ್ಬರಿಗೆ ದೀಪ, ಒಬ್ಬರಿಗೆ ಬಿಲ್, ಒಬ್ಬರಿಗೆ ತಾರಸಿ ಅಂತ ಕೈಗೆ ಕೆಲಸ ಕೊಡಿ. ಮಾತಿಗೆ ಬರದವರು ಕೆಲಸಕ್ಕೆ ಬರ್ತಾರೆ. ಪುರಸಭೆಯ ನೌಕರರನ್ನು ತಪ್ಪಿತಸ್ಥರ ಹಾಗೆ ನೋಡಬೇಡಿ, ಪಂಪಿನ ಹತ್ತಿರ ದಿನಾ ನಿಲ್ಲುವವರಿಗೆ ಅದರ ಕಾಯಿಲೆ ನಮಗಿಂತ ಚೆನ್ನಾಗಿ ಗೊತ್ತು. ಕೇಳಿದವರು ಇಲ್ಲ, ಅಷ್ಟೇ.

ಬೆಳಗಿನ_ಬಿಸಿಲು:

ನಿನ್ನೆ ಪುರಸಭೆಗೆ ಹೋಗಿ ಹನ್ನೆರಡು ತಿಂಗಳ ಬಿಲ್‌ಗೆ ಪತ್ರ ಕೊಟ್ಟು ಬಂದೆ. ದಾನಿಗಳ ಹತ್ತಿರವೂ ಮಾತಾಡಿದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ, "ನನಗೂ ಲೆಕ್ಕ ತೋರಿಸಿ" ಅಂದರು. ಪಂಪ್‌ಹೌಸ್‌ನಲ್ಲಿರುವವರಿಗೆ ಫೋನ್ ಮಾಡಿ ಮೀಟರ್ ಓದೋಕೆ ಬರಬಹುದಾ ಅಂತ ಕೇಳಿದರೆ, ಎರಡನೇ ಪಂಪು ಮೊದಲಿನ ಹಾಗೆ ನೀರೆತ್ತುತ್ತಿಲ್ಲ ಅಂತ ತಾವಾಗಿಯೇ ಹೇಳಿದರು. ಎಷ್ಟು ದಿನದಿಂದ ಅಂದೆ. ಎರಡು ಬೇಸಿಗೆ ಆಯಿತು ಅಂದರು.

ಭಾನುವಾರ ಬೆಳಿಗ್ಗೆ ದೀಪ ಎಣಿಸೋಕೆ ಹೋಗ್ತಾ ಇದ್ದೀವಿ. ಏಳು ಜನ ಬರ್ತೀನಿ ಅಂದಿದ್ದಾರೆ. ಆ ಹುಡುಗಿ ಆಗಲೇ ರಸ್ತೆಗಳನ್ನು ಹಂಚಿ ನಕ್ಷೆ ಬರೆದಿದ್ದಾಳೆ. ಪಂಪ್‌ಹೌಸ್ ಸರ್, ಆ ಎರಡನೇ ಪಂಪಿನ ಮೇಲೆ ಅಂಟಿಸಿರುವ ತಗಡಿನ ಫೋಟೋ ಕಳಿಸಿದರೆ ಒಂದು ಸಲ ನೋಡಿ ಹೇಳ್ತೀರಾ? ಅಕ್ಷರ ಅರ್ಧ ಅಳಿಸಿದೆ, ಹೆಡ್ (ನೀರೆತ್ತುವ ಎತ್ತರ) ಅಂತ ಬರೆದಿರುವ ಅಂಕಿ ಮಾತ್ರ ಓದೋಕೆ ಬರುತ್ತೆ.