ರೂಟರ್ ಪಟ್ಟಿಯಲ್ಲಿ ಗುರುತು ಸಿಗದ ಮ್ಯಾಕ್ ವಿಳಾಸ, ಯಾರದ್ದಿರಬಹುದು?

ಹೊಸಕೇಬಲ್:
ಮನೆಯ ವೈಫೈ ರೂಟರ್‌ನಲ್ಲಿ ಯಾವ್ಯಾವ ಸಾಧನ ಸೇರಿದೆ ಅಂತ ನೋಡುತ್ತಿದ್ದೆ. 36:41:90:07:52:18 ಅಂತ ಒಂದು ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಇದೆ, ಹೆಸರಿಲ್ಲ. ಪ್ರಿಂಟರ್, ಟಿವಿ, ಲ್ಯಾಪ್‌ಟಾಪ್‌ಗಳ ವಿಳಾಸದ ಮೊದಲ ಆರು ಅಂಕಿ ಹುಡುಕಿದರೆ ಕಂಪನಿ ಹೆಸರು ಬಂತು. ಇದಕ್ಕೆ ಬರಲಿಲ್ಲ. ಇನ್ನೊಂದು ವಿಚಿತ್ರ: ನನ್ನ ಫೋನಿನ ಡಬ್ಬದ ಮೇಲೆ ಅಚ್ಚಾಗಿರುವ ಮ್ಯಾಕ್ ವಿಳಾಸ ಈ ಪಟ್ಟಿಯಲ್ಲೇ ಇಲ್ಲ. ಯಾರಾದರೂ ನುಗ್ಗಿದ್ದಾರಾ?

ಗಿಳಿಮರಿ:
ಪಾಸ್‌ವರ್ಡ್ ಬದಲಾಯಿಸಿಬಿಡಿ. ಯಾರೋ ಕದ್ದು ಬಳಸುತ್ತಿದ್ದಾರೆ.

ರಾತ್ರಿಪಾಳಿ:
ತಡೀರಿ, ಅಷ್ಟು ಗಾಬರಿ ಬೇಡ. ಎರಡನೇ ಅಂಕಿ 6 ಇದೆಯಲ್ವಾ, ಸುಳಿವು ಅಲ್ಲೇ ಇದೆ.

ಮ್ಯಾಕ್ ವಿಳಾಸ ಅಂದರೆ 48 ಬಿಟ್, ಅಂದರೆ 48 ಸೊನ್ನೆ-ಒಂದುಗಳು. ಅದನ್ನು ಬರೆಯುವಾಗ ನಾಲ್ಕು ಬಿಟ್‌ಗೆ ಒಂದು ಅಂಕಿ (9 ಆದಮೇಲೆ ಎ ಇಂದ ಎಫ್), ಎರಡು ಅಂಕಿಗೆ ಒಂದು ಬೈಟ್. ಸಾಮಾನ್ಯವಾಗಿ ಮೊದಲ 24 ಬಿಟ್ ಐಇಇಇ ಅನ್ನುವ ತಾಂತ್ರಿಕ ಮಾನದಂಡಗಳ ಸಂಸ್ಥೆ ಕಂಪನಿಗೆ ಕೊಟ್ಟದ್ದು, ಉಳಿದದ್ದನ್ನು ಕಂಪನಿ ಒಂದೊಂದು ಸಾಧನಕ್ಕೂ ಬೇರೆ ಬೇರೆ ಇಡುತ್ತದೆ. ಆದರೆ ಮೊದಲ ಬೈಟ್‌ನ ಕೊನೆಯ ಎರಡು ಬಿಟ್‌ಗಳಿಗೆ ಬೇರೆ ಕೆಲಸ. ಕೊನೆಯದು 1 ಆದರೆ ಅದು ಗುಂಪಿಗೆ ಕಳಿಸುವ ವಿಳಾಸ. ಅದರ ಎಡಗಡೆಯದು 1 ಆದರೆ ಐಇಇಇ ಹಂಚಿದ್ದಲ್ಲ, ಸಾಧನವೋ ಅದನ್ನು ನೋಡಿಕೊಳ್ಳುವವರೋ ತಾವೇ ಇಟ್ಟುಕೊಂಡದ್ದು. ಹಾಗಾಗಿ ಎರಡನೇ ಅಂಕಿ 2, 6, ಎ ಅಥವಾ ಇ ಇದ್ದರೆ (ಇವುಗಳ ಕೊನೆಯ ಎರಡು ಬಿಟ್ 1, 0) ಕಂಪನಿ ಹುಡುಕಿ ಪ್ರಯೋಜನವಿಲ್ಲ.

ಅದು ನಿಮ್ಮ ಫೋನೇ ಇರಬೇಕು. ಆಂಡ್ರಾಯ್ಡ್ 10, ಐಒಎಸ್ 14 ಬಂದಾಗಿನಿಂದ ಫೋನ್‌ಗಳು ಒಂದೊಂದು ವೈಫೈಗೂ ಒಂದೊಂದು ಸುಳ್ಳು ವಿಳಾಸ ತೋರಿಸುತ್ತವೆ. ಹೋದಲ್ಲೆಲ್ಲ ಒಂದೇ ವಿಳಾಸ ಕೂಗುತ್ತಾ ಹೋದರೆ ಯಾರು ಬೇಕಾದರೂ ಹಿಂಬಾಲಿಸಬಹುದು, ಅದಕ್ಕೆ. ಫೋನಿನಲ್ಲಿ ಈ ವೈಫೈಯ ಸೆಟ್ಟಿಂಗ್ಸ್ ತೆರೆದು ವಿಳಾಸ ಹೋಲಿಸಿ ನೋಡಿ.

ಹೊಸಕೇಬಲ್:
ಸರಿಯಾಗಿ ಅದೇ! ಹಾಗಾದರೆ ರೂಟರ್‌ನಲ್ಲಿ ಮ್ಯಾಕ್ ಫಿಲ್ಟರ್ ಹಾಕಿ ನಮ್ಮ ಸಾಧನಗಳನ್ನು ಮಾತ್ರ ಬಿಟ್ಟುಕೊಳ್ಳಲಾ?

ರಾತ್ರಿಪಾಳಿ:
ಹಾಕಬಹುದು, ಆದರೆ ಅದನ್ನು ಬೀಗ ಅಂತ ನಂಬಬೇಡಿ. ವೈಫೈಯಲ್ಲಿ ಡೇಟಾ ಗೂಢಲಿಪಿಯಲ್ಲಿ ಹೋದರೂ ಮ್ಯಾಕ್ ವಿಳಾಸ ತೆರೆದೇ ಇರುತ್ತದೆ. ಗಾಳಿಯಲ್ಲಿ ಹೋಗುವುದನ್ನು ಕೇಳಿಸಿಕೊಂಡು ಅದನ್ನೇ ತನ್ನ ವೈಫೈ ಕಾರ್ಡಿಗೆ ಹಾಕಿಕೊಳ್ಳುವುದು ದೊಡ್ಡ ವಿದ್ಯೆಯಲ್ಲ. ಗಟ್ಟಿ ಪಾಸ್‌ವರ್ಡ್ ಇದಕ್ಕಿಂತ ಎಷ್ಟೋ ಮೇಲು.

ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಕಡೆ ಒಂದೇ ವಿಳಾಸ ಇದ್ದರೆ ಏನಾಗುತ್ತದೆ ಅಂತ ನಮ್ಮ ಆಫೀಸಿನಲ್ಲಿ ನೋಡಿದ್ದೇನೆ. ಯಾರೋ ಒಂದು ವರ್ಚುವಲ್ ಯಂತ್ರವನ್ನು (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ಹಾಗೇ ನಕಲು ಮಾಡಿದ್ದರು. 08:00:27 ಅಂತ ಶುರುವಾಗುವ ವಿಳಾಸ, ಅಂದರೆ ಅಂಥ ಯಂತ್ರ ನಡೆಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್‌ನದ್ದು. ಯಾವ ಪೋರ್ಟಿನಿಂದ ಯಾವ ವಿಳಾಸ ಬಂತು ಅಂತ ಸ್ವಿಚ್ (ಆಫೀಸಿನ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ) ಬರೆದಿಟ್ಟುಕೊಳ್ಳುತ್ತದಲ್ಲ, ಆ ಸಾಲು ಕ್ಷಣಕ್ಷಣಕ್ಕೂ ಮೂರನೇ ಪೋರ್ಟಿಗೂ ಹನ್ನೊಂದನೇ ಪೋರ್ಟಿಗೂ ಹಾರುತ್ತಿತ್ತು. ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗೆ ಕಟ್. ಕೇಬಲ್ ಬದಲಾಯಿಸಿದ್ದೇ ಬಂತು!

ಗಿಳಿಮರಿ:
ಅಯ್ಯೋ, ನಾನು ಸುಮ್ನೆ ಹೆದರಿಸಿದೆ. ಒಂದು ಪ್ರಶ್ನೆ: ನಾನು ತೆರೆಯುವ ವೆಬ್‌ಸೈಟ್‌ಗೂ ನನ್ನ ಮ್ಯಾಕ್ ಕಾಣುತ್ತದಾ?

ರಾತ್ರಿಪಾಳಿ:
ಇಲ್ಲ. ನಿಮ್ಮ ರೂಟರ್ ದಾಟುವಾಗಲೇ ಆ ವಿಳಾಸ ಕಳಚಿ ರೂಟರ್‌ನದ್ದು ಕೂರುತ್ತದೆ. ಮುಂದಿನ ಒಂದೊಂದು ರೂಟರ್‌ನಲ್ಲೂ ಹೀಗೇ. ಆ ಕಡೆಯವರಿಗೆ ಕಾಣುವುದು ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ.