ಬಾಡಿಗೆ ಕೋಣೆಯ ಗೋಡೆಗೆ ಬೂಷ್ಟು: ಯಾವ ಬಣ್ಣ ಹಚ್ಚಿಸಲಿ?

ಪ್ರಶ್ನೆ (ಮನೆ ಮಾಲೀಕರು, ಸಪ್ತಾಪುರ, ಧಾರವಾಡ): ಸರ್, ನಮ್ಮ ಕೆಳಮನೆಯ ಎರಡು ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾಲ್ವರು ಹುಡುಗರಿದ್ದಾರೆ. ಕಳೆದ ದೀಪಾವಳಿಗೆ 18,000 ರೂಪಾಯಿ ಸುರಿದು ಪುಟ್ಟಿ ಹಾಕಿಸಿ ಬಣ್ಣ ಹಚ್ಚಿಸಿದ್ದೆ. ಪುನರ್ವಸು ಮಳೆ ಹಿಡಿದದ್ದೇ ತಡ, ಪಶ್ಚಿಮದ ಗೋಡೆ ಮೊಣಕಾಲೆತ್ತರಕ್ಕೆ ಉಬ್ಬಿ ಹೊಪ್ಪಳಿಕೆಯಾಗಿ ಉದುರುತ್ತಿದೆ. ಮೇಲಿನ ಮೂಲೆಯಲ್ಲಿ ಕಪ್ಪು ಬೂಷ್ಟು. ಹುಡುಗರು ಒದ್ದೆ ಬಟ್ಟೆಯನ್ನು ಕೋಣೆಯೊಳಗೇ ಹಗ್ಗ ಕಟ್ಟಿ ಹರವುತ್ತಾರೆ, ಅಲ್ಲೇ ಅನ್ನ ಬೇಯಿಸುತ್ತಾರೆ, ಕಿಟಕಿ ತೆರೆಯುವುದಿಲ್ಲ. ಅವರ ಮುಂಗಡದಲ್ಲಿ ಬಣ್ಣದ ಖರ್ಚು ಮುರಿದುಕೊಳ್ಳಬೇಕೆಂದಿದ್ದೇನೆ. ಮುರಿದುಕೊಳ್ಳಬಹುದೇ? ಈ ಸಲ ಯಾವ ಬಣ್ಣ ಒಳ್ಳೆಯದು?

ಉತ್ತರ (ಸಿವಿಲ್ ಎಂಜಿನಿಯರ್): ಅಕ್ಕಾವರೇ, ಬಣ್ಣದ ಅಂಗಡಿಗೆ ಈಗಲೇ ಹೋಗಬೇಡಿ. ಹಸಿ ಗೋಡೆಗೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಒಳಗಿನ ನೀರು ಅದನ್ನು ದೂಡಿಕೊಂಡೇ ಹೊರಬರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡೋಣ.

ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆಯನ್ನು ಒಂದೊಂದು ಅಡಿಯ ಎರಡು ಚೌಕಗಳಾಗಿ ಕತ್ತರಿಸಿ. ಒಂದನ್ನು ಗೋಡೆಯ ಬುಡಕ್ಕೆ, ಇನ್ನೊಂದನ್ನು ಬೂಷ್ಟು ಬಂದ ಮೂಲೆಗೆ ಹಚ್ಚಿ. ಉಬ್ಬಿದ ಬಣ್ಣವನ್ನು ಮೊದಲು ಕೆರೆದು, ಗೋಡೆಯನ್ನು ಒರೆಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಬಿಗಿಯಿರಿ. ಎರಡು ದಿನ ಬಿಟ್ಟು ಬಿಚ್ಚಿ. ಹಾಳೆಯ ಗೋಡೆ ಬದಿಗೆ ಹನಿ ಕಂಡರೆ ನೀರು ಗೋಡೆಯೊಳಗಿನದು. ಕೋಣೆಯ ಬದಿಗೆ ಹನಿ ಕಂಡರೆ ಅದು ಉಸಿರು, ಅಡುಗೆಯ ಹಬೆ, ಒದ್ದೆ ಬಟ್ಟೆಯ ನೀರು. ಅಲ್ಲಿಯವರೆಗೆ ಹುಡುಗರ ಮೇಲೆ ತಪ್ಪು ಹೊರಿಸಬೇಡಿ.

ಪ್ರಶ್ನೆ (ಅದೇ ಮಾಲೀಕರು, ಮೂರನೆಯ ದಿನ): ಕೆಳಗಿನ ಹಾಳೆಯ ಹಿಂಬದಿ ತೊಯ್ದು ಹೋಗಿತ್ತು, ಉಪ್ಪಿನಂಥ ಬಿಳಿ ಪುಡಿಯೂ ಅಂಟಿತ್ತು. ಮೂಲೆಯ ಹಾಳೆಯ ಹಿಂಬದಿ ಒಣಗಿತ್ತು, ಮುಂಬದಿಗೆ ಹನಿ ಇತ್ತು.

ಉತ್ತರ: ಹಾಗಾದರೆ ಮೇಲಿನ ಬೂಷ್ಟು ಹುಡುಗರದು, ಕೆಳಗಿನ ಹಸಿ ನಿಮ್ಮದು. ಒಂದು ಮಾತು ಕೇಳಲೇ? ಆ ಗೋಡೆಯ ಹೊರಗೆ ಏನಿದೆ?

ಪ್ರಶ್ನೆ: ಅಂಗಳ. ರಸ್ತೆ ಎತ್ತರವಾಗಿ ನೀರು ಒಳಗೆ ನುಗ್ಗುತ್ತಿತ್ತೆಂದು ಎರಡು ವರ್ಷದ ಹಿಂದೆ ಮಣ್ಣು ತುಂಬಿಸಿದೆವು. ಗೋಡೆಯ ಸಾಲಿಗೆ ದಾಸವಾಳ ಹಚ್ಚಿದ್ದೇನೆ.

ಉತ್ತರ: ಅಲ್ಲಿಯೇ ಇದೆ ರೋಗ. ನೆಲದ ಹಸಿ ಮೇಲೇರದಂತೆ ತಳಪಾಯದ ಮೇಲೆ ಒಂದು ತಡೆಪದರ ಹಾಕಿರುತ್ತಾರೆ, ಗವಂಡಿಗಳು ಡಿಪಿಸಿ ಎನ್ನುತ್ತಾರೆ. ನೀವು ತುಂಬಿಸಿದ ಮಣ್ಣು ಅದನ್ನು ದಾಟಿ ಮೇಲೆ ಬಂದಿದೆ. ದಾಸವಾಳಕ್ಕೆ ಹಾಕುವ ನೀರನ್ನು ಗೋಡೆಯೂ ಕುಡಿಯುತ್ತಿದೆ. ಮಣ್ಣನ್ನು ಒಳಗಿನ ನೆಲಕ್ಕಿಂತ ಕನಿಷ್ಠ ಆರು ಇಂಚು ಕೆಳಗಿನವರೆಗೆ ತೆಗೆಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಕೊಡಿಸಿ. ಗಿಡಗಳನ್ನು ಕಂಪೌಂಡಿನ ಬದಿಗೆ ಸರಿಸಿ. ಹಾಗೆಯೇ ಮಳೆ ಬರುವಾಗ ಕಿಟಕಿಯ ಮೇಲೆ ಚಾಚಿರುವ ಛಜ್ಜಾದ ಕೆಳಬದಿಯನ್ನು ನೋಡಿ. ಅಂಚಿನ ಒಳಗೆ ಗೆರೆ ಕೊರೆದಿರದಿದ್ದರೆ ಹನಿ ಅಲ್ಲಿ ಕಳಚಿ ಬೀಳದೆ ತಳಕ್ಕೆ ಅಂಟಿಕೊಂಡೇ ಗೋಡೆಗೆ ಬರುತ್ತದೆ.

ಉಪ್ಪು ಕುಡಿದ ಗಿಲಾವು ಮತ್ತೆ ಮತ್ತೆ ಹಸಿ ಎಳೆಯುತ್ತದೆ. ಕಲೆಯ ಮೇಲೆ ಇನ್ನೊಂದು ಅಡಿಯವರೆಗೆ ಅದನ್ನು ಕಿತ್ತು ಗೋಡೆಯನ್ನು ಒಣಗಲು ಬಿಡಿ. ಒಂಬತ್ತು ಇಂಚಿನ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕು. ಹೊಸ ಗಿಲಾವು, ಬಣ್ಣವೆಲ್ಲ ಬೇಸಿಗೆಗೆ. ದೀಪಾವಳಿಗೆ ಮನೆ ಹೊಳೆಯಬೇಕೆಂಬ ಆಸೆಯಿಂದ ಮಳೆ ಕುಡಿದ ಗೋಡೆಗೆ ಪುಟ್ಟಿ ಮೆತ್ತುವವರು ಈ ಊರಲ್ಲಿ ನೀವೊಬ್ಬರೇ ಅಲ್ಲ! ಮಾಳಮಡ್ಡಿಯ ಹಳೆಯ ಮನೆಗಳಿಗೆ ವರ್ಷಕ್ಕೊಮ್ಮೆ ಸುಣ್ಣ ಹಚ್ಚುತ್ತಿದ್ದರಲ್ಲ, ಸುಣ್ಣ ಹಸಿಯನ್ನು ಹೊರಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟೂ ಸುಲಭವಾಗಿ ಹತ್ತುವುದಿಲ್ಲ.

ಮೂಲೆಯ ಬೂಷ್ಟನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರಿನಿಂದ ಉಜ್ಜಿಸಿ. ಒಣ ಪೊರಕೆಯಿಂದ ಗುಡಿಸಿದರೆ ಅದರ ಪುಡಿ ಕೋಣೆಯಿಡೀ ಹಾರುತ್ತದೆ. ಬ್ಲೀಚಿಂಗ್ ಪೌಡರ್ ಬಳಸಿದರೆ ಅದಕ್ಕೆ ಬಚ್ಚಲು ತೊಳೆಯುವ ಆಸಿಡ್ ಸೋಕಿಸಲೇಬೇಡಿ, ವಿಷಗಾಳಿ ಏಳುತ್ತದೆ. ಹುಡುಗರಿಗೆ ಬಟ್ಟೆ ಹರವಲು ವರಾಂಡದಲ್ಲಿ ಹಗ್ಗ ಕಟ್ಟಿಕೊಡಿ, ಒಲೆಯ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್ ಕೂಡಿಸಿ. ಕಿಟಕಿ ತೆರೆಯುವುದು ಅವರ ಕೆಲಸ.

ಮುಂಗಡ ಮುರಿದುಕೊಳ್ಳಬೇಡಿ. ಕೆಳಗಿನ ಗೋಡೆ ಅವರಿಂದ ಕೆಟ್ಟಿದ್ದಲ್ಲ.

ಪ್ರಶ್ನೆ (ಬಾಡಿಗೆದಾರರು, ಗದಗ): ನಮ್ಮದು ಎರೆಮಣ್ಣಿನ ಮೇಲಿನ ಮನೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟು ಮಳೆನೀರು ಒಳಗೆ ಬರುತ್ತದೆ. ಮಾಲೀಕರು ಫೋನ್ ಎತ್ತುವುದಿಲ್ಲ. ನಾವೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದೇ?

ಉತ್ತರ: ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬರಿಯ ಸಿಮೆಂಟ್ ಮೆತ್ತಿದರೆ ಮುಂದಿನ ವರ್ಷ ಮತ್ತೆ ಬಾಯಿ ಬಿಡುತ್ತದೆ, ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿಸಬೇಕು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಎಂಜಿನಿಯರನ್ನು ಕರೆಸಿ, ಅದು ತಳಪಾಯದ ಮಾತು. ಖರ್ಚಿನ ವಿಷಯಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಇದೆ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು, ನೋಟಿಸು ಕೊಟ್ಟು ತಕ್ಕಷ್ಟು ಸಮಯ ಕಳೆದರೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ನಡೆಯುತ್ತದೆ. ಆದ್ದರಿಂದ ಕರಾರುಪತ್ರವನ್ನು ವಕೀಲರಿಗೆ ತೋರಿಸಿ. ನೋಟಿಸು ಬರವಣಿಗೆಯಲ್ಲಿರಲಿ, ಫೋನಿನಲ್ಲಿ ಜಗಳಾಡಿದ್ದಕ್ಕೆ ಸಾಕ್ಷಿಯಿಲ್ಲ.

ಸಪ್ತಾಪುರದ ಮಾಲೀಕರು, ಭಾನುವಾರ: ಸರ್, ಮಳೆ ಬಿಡುವು ಕೊಟ್ಟಿತ್ತು. ಹುಡುಗರೇ ಸಲಿಕೆ ಹಿಡಿದು ಮಣ್ಣು ತೆಗೆದರು, ನಾನು ಗಿರಮಿಟ್ ಮಾಡಿಕೊಟ್ಟೆ. ಹಿತ್ತಲ ಬಾಗಿಲ ಮುಂದೆ ನಮ್ಮ ಮಾವನವರು ಹಾಕಿಸಿದ್ದ ಕಲ್ಲಿನ ಮೆಟ್ಟಿಲು ಸಿಕ್ಕಿತು. ಅಲ್ಲಿ ಮೆಟ್ಟಿಲಿತ್ತು ಎಂಬುದೇ ನನಗೆ ಮರೆತುಹೋಗಿತ್ತು.